ತಪ್ಪೆಲ್ಲ ಕಾಫಿಯದು

ದಿನಕ್ಕೆ ಎಷ್ಟು ಕಾಫಿ ಕುಡಿಯುತ್ತೀರಿ ಎಂದು ಕೇಳಿದರೆ ಸರಿಯಾದ ಉತ್ತರ ಕೊಟ್ಟವರನ್ನು ನಾನು ಈವರೆಗೆ ಕಂಡಿಲ್ಲ. ಸುಳ್ಳು ಹೇಳಬೇಕೆಂದು ಯಾರೂ ಹೇಳುವುದಿಲ್ಲ, ಪಾಪ. ಲೆಕ್ಕಕ್ಕೆ ಬರುವ ಕಾಫಿ ಬೇರೆ, ಬಾರದ ಕಾಫಿ ಬೇರೆ, ಅಷ್ಟೆ. ಬೆಳಿಗ್ಗೆ ಎದ್ದು ಕುಡಿದದ್ದು ಕಾಫಿ. ತಿಂಡಿಯ ಮೇಲೆ ಕುಡಿದದ್ದು ತಿಂಡಿಯ ಲೆಕ್ಕಕ್ಕೆ ಹೋಯಿತು. ಮನೆಗೆ ಬಂದವರಿಗೆ ಜೊತೆಯಾಗಲೆಂದು ಕುಡಿದದ್ದು ಮರ್ಯಾದೆ. ಫಿಲ್ಟರಿನ ತಳದಲ್ಲಿ ಉಳಿದ ಡಿಕಾಕ್ಷನ್ ಹಾಳಾಗುತ್ತದಲ್ಲ ಎಂದು ಹಾಲು ಬೆರೆಸಿಕೊಂಡು ಕುಡಿದದ್ದು ಉಳಿತಾಯ. ಇನ್ನು ಅರ್ಧ ಲೋಟ ಎಂಬುದನ್ನಂತೂ ಯಾರೂ ಎಣಿಸಿದ್ದೇ ಇಲ್ಲ. ಎರಡು ಅರ್ಧ ಸೇರಿದರೆ ಒಂದು ಎನ್ನುವ ಗಣಿತ ಶಾಲೆಯಲ್ಲಿ ನಡೆಯುತ್ತದೆ, ಅಡುಗೆಮನೆಯಲ್ಲಿ ನಡೆಯುವುದಿಲ್ಲ.

ಆದ್ದರಿಂದ ಕೊಳ್ಳೇಗಾಲದ ಡಾಕ್ಟರಮ್ಮನವರು ತಮ್ಮ ಕನ್ನಡಕದ ಮೇಲಿಂದ ನನ್ನನ್ನು ನೋಡಿ ಈ ಪ್ರಶ್ನೆ ಕೇಳಿದಾಗ ನಾನು ಶುದ್ಧ ಮನಸ್ಸಿನಿಂದಲೇ "ಎರಡು, ಹೆಚ್ಚೆಂದರೆ ಮೂರು" ಎಂದೆ. ಪಕ್ಕದ ಕುರ್ಚಿಯಲ್ಲಿ ನಮ್ಮವರು ಕೂತಿದ್ದರು. ಮಗ್ಗದ ಮೇಲೆ ಕೂತು ಬೆಳೆದ ಮನುಷ್ಯ. ಒಂದು ಎಳೆ ಆಚೀಚೆ ಆದರೂ ಕೈ ತಡೆದು ನಿಲ್ಲಿಸುವ ಸ್ವಭಾವ.

"ಆರೇಳು ಆಗ್ತದ ಮೇಡಂ," ಎಂದರು ವಿನಯದಿಂದ. "ನಮ್ಮವ್ವ ಕೊಡ್ತಾನೇ ಇರ್ತಾಳ, ಇವ್ಳು ಕುಡೀತಾನೇ ಇರ್ತಾಳ."

ನಾವು ಆ ಆಸ್ಪತ್ರೆಗೆ ಹೋಗಿದ್ದು ಮಕ್ಕಳ ವಿಚಾರಕ್ಕೆ. ಮದುವೆಯಾಗಿ ಕೆಲವು ವರ್ಷ ಕಳೆದಿತ್ತು. ಮೊದಲ ವರ್ಷ ನಾವೇ ಬೇಡ ಎಂದಿದ್ದೆವು, ಎರಡನೆಯ ವರ್ಷ ಆದರೆ ಆಗಲಿ ಎಂದೆವು, ಆಮೇಲೆ ಆಗಲಿ ಎಂದೆವು, ಆಮೇಲೆ ಏನೂ ಅನ್ನದೆ ತಿಂಗಳ ತಾರೀಖು ನೋಡುವುದನ್ನು ಕಲಿತೆವು. ಎಲ್ಲ ಮನೆಗಳಲ್ಲೂ ಇದು ಇದೇ ಕ್ರಮದಲ್ಲಿ ನಡೆಯುತ್ತದೆ ಎಂದು ಕಾಣುತ್ತದೆ.

ನನ್ನ ಕಾಫಿಯ ಕಥೆಯನ್ನು ಹೇಳದೆ ಮುಂದಕ್ಕೆ ಹೋಗುವಂತಿಲ್ಲ. ನಾನು ಹುಟ್ಟಿ ಬೆಳೆದದ್ದು ಹನೂರಿನ ಕಡೆಯ ಹಳ್ಳಿಯಲ್ಲಿ. ನಮ್ಮಲ್ಲಿ ಬೆಳಗಾದರೆ ರಾಗಿ ಅಂಬಲಿ. ಕಾಫಿ ಎಂದರೆ ನೆಂಟರು ಬಂದಾಗ ಅವ್ವ ಬೆಲ್ಲ ಹಾಕಿ ಕುದಿಸುತ್ತಿದ್ದ ಕಪ್ಪು ನೀರು. ನೆಂಟರು ಬೇಗ ಎದ್ದು ಹೋಗಲಿ ಎಂದೇ ಅದನ್ನು ಹಾಗೆ ಮಾಡುತ್ತಿದ್ದಳೋ ಏನೋ. ಓದಿ, ಮಾಂಬಳ್ಳಿಯ ಪ್ರೌಢಶಾಲೆಯಲ್ಲಿ ಕನ್ನಡ ಕಲಿಸುವ ಕೆಲಸಕ್ಕೆ ಸೇರಿ, ಕೊಳ್ಳೇಗಾಲದ ರೇಷ್ಮೆ ನೇಯುವ ಮನೆಗೆ ಸೊಸೆಯಾಗಿ ಬಂದಾಗಲೇ ಕಾಫಿಯ ನಿಜವಾದ ಪರಿಚಯವಾದದ್ದು.

ನಮ್ಮ ಅತ್ತೆ ಚೌಡಮ್ಮ ಕಡಿಮೆ ಮಾತಿನವರು. ಮನೆಗೆ ಬಂದ ಹೊಸದರಲ್ಲಿ ಅವರಿಗೆ ನಾನು ಇಷ್ಟವಾಗಿದ್ದೆನೋ ಇಲ್ಲವೋ ಎಂದು ತಿಳಿಯದೆ ಒದ್ದಾಡಿದ್ದೇನೆ. ಹಿತ್ತಾಳೆಯ ಫಿಲ್ಟರಿನಿಂದ ತೊಟ್ಟಿಕ್ಕುವ ಡಿಕಾಕ್ಷನ್ನಿಗೆ ನೊರೆಹಾಲು ಬೆರೆಸಿ, ನಾನು ಬಸ್ಸಿಗೆ ಓಡುವ ಮುಂಚೆ ಒಂದು ಲೋಟ ತಂದು ಕೈಗಿಡುತ್ತಿದ್ದರು. ಸಂಜೆ ಚಪ್ಪಲಿ ಬಿಡುವಷ್ಟರಲ್ಲಿ ಇನ್ನೊಂದು. ಪೇಪರು ತಿದ್ದಲು ಕೂತರೆ ಕೇಳದೆಯೇ ಅರ್ಧ ಲೋಟ. ಬಿಳಿಗಿರಿರಂಗನ ಬೆಟ್ಟದಿಂದ ಯಾರೋ ಗುರುತಿನವರು ತಂದುಕೊಡುವ ಬೀಜವನ್ನು ಅವರೇ ಹುರಿಯುತ್ತಿದ್ದರು. ಹುರಿದ ದಿನ ಇಡೀ ಬೀದಿಗೆ ಗೊತ್ತಾಗುತ್ತಿತ್ತು. ಕೆಲವರು ಪ್ರೀತಿಯನ್ನು ಮಾತಿನಲ್ಲಿ ತೋರಿಸುತ್ತಾರೆ, ಕೆಲವರು ಒಡವೆಯಲ್ಲಿ. ನಮ್ಮ ಅತ್ತೆಯ ಪ್ರೀತಿ ಲೋಟದಲ್ಲಿ ಬರುತ್ತಿತ್ತು. ಬೇಡ ಎನ್ನುವುದು ಹೇಗೆ?

ಡಾಕ್ಟರಮ್ಮ ನಗಲಿಲ್ಲ, ಬೈಯಲೂ ಇಲ್ಲ. ದಿನಕ್ಕೆ ಒಂದೋ ಎರಡೋ ಸಣ್ಣ ಲೋಟಕ್ಕೆ ಇಳಿಸಿ ಎಂದರು. ಕಾಫಿಯಿಂದಲೇ ಗರ್ಭ ನಿಲ್ಲುವುದಿಲ್ಲ ಎಂದು ಯಾರೂ ಖಚಿತವಾಗಿ ಹೇಳಲಾರರು. ಆದರೆ ಹೆಚ್ಚು ಕುಡಿಯುವುದು ಒಳ್ಳೆಯದಲ್ಲ, ಗರ್ಭ ನಿಂತ ಮೇಲಂತೂ ಹಿತಮಿತ ಬೇಕೇ ಬೇಕು, ಆ ಅಭ್ಯಾಸ ಈಗಿನಿಂದಲೇ ಇದ್ದರೆ ವಾಸಿ ಎಂದರು. ಟೀ, ಕೋಲಾ ಎಲ್ಲವೂ ಅದೇ ಲೆಕ್ಕಕ್ಕೆ ಸೇರುತ್ತವೆ ಎಂದೂ ಹೇಳಿದರು. ನಮ್ಮವರು ತಲೆದೂಗುತ್ತಾ ನನ್ನ ಕಡೆ ನೋಡುತ್ತಿದ್ದರು, ಕ್ಲಾಸಿನಲ್ಲಿ ಪಕ್ಕದವನು ಬೈಸಿಕೊಳ್ಳುವಾಗ ನೋಡುವ ಹಾಗೆ.

"ನೀವು?" ಎಂದರು ಡಾಕ್ಟರಮ್ಮ ಅವರತ್ತ ತಿರುಗಿ.

"ನಾನು ಕಾಫಿ ಕುಡಿಯಲ್ಲ ಮೇಡಂ."

"ಟೀ?"

ಮಗ್ಗದವರು ಟೀ ಕುಡಿಯುವುದನ್ನು ನೀವು ನೋಡಿರಬೇಕು. ಸಣ್ಣ ಗ್ಲಾಸು, ಆದರೆ ಕೈ ಬಿಡುವಾದಾಗಲೆಲ್ಲ ಒಂದು. ಬಾಯಲ್ಲಿ ಹೊಗೆಸೊಪ್ಪು ಬೇರೆ. ಅದನ್ನೆಲ್ಲ ಡಾಕ್ಟರಮ್ಮ ನಮ್ಮವರಿಂದ ಒಂದೊಂದಾಗಿ ಹೊರಡಿಸಿದರು. ಕೊನೆಗೆ "ಪರೀಕ್ಷೆ ಇಬ್ಬರಿಗೂ ಮಾಡೋಣ" ಎಂದು ಬರೆದುಕೊಟ್ಟರು. ಇಬ್ಬರಿಗೂ ಎಂಬ ಮಾತು ನಮ್ಮವರ ಕಿವಿಗೆ ಬಿದ್ದದ್ದು ಆಸ್ಪತ್ರೆಯ ಮೆಟ್ಟಿಲು ಇಳಿದ ಮೇಲೆ.

"ನಂಗೂನಾ?" ಎಂದರು.

"ನಿಮಗೂ," ಎಂದೆ.

ಮನೆಗೆ ಬಂದು ಅತ್ತೆಗೆ ಪರೀಕ್ಷೆಯ ವಿಷಯ ವಿವರಿಸಲು ಸಂಕೋಚವಾಗಿ, ಸುಲಭದ್ದನ್ನು ಮಾತ್ರ ಹೇಳಿದೆ. ಡಾಕ್ಟರು ಕಾಫಿ ಕಡಿಮೆ ಮಾಡು ಅಂದರು ಅತ್ತೆ, ಎಂದೆ. ಅತ್ತೆ ಒಲೆಯ ಮುಂದೆ ನಿಂತಿದ್ದರು. ತಿರುಗಿ ನನ್ನನ್ನು ಒಂದು ಗಳಿಗೆ ನೋಡಿದರು. ಕಾಯಲಿಟ್ಟಿದ್ದ ಹಾಲನ್ನು ಇಳಿಸಿ ಪಕ್ಕಕ್ಕಿಟ್ಟರು. ಮಾರನೆಯ ಬೆಳಿಗ್ಗೆ ಫಿಲ್ಟರು ಅಟ್ಟದ ಮೇಲಿತ್ತು.

ಕಡಿಮೆ ಮಾಡುವುದಕ್ಕೂ ಬಿಡುವುದಕ್ಕೂ ನಡುವೆ ದೊಡ್ಡ ಬಯಲಿದೆ ಎಂದು ನಾನು ತಿಳಿದಿದ್ದೆ. ನಮ್ಮ ಮನೆಯಲ್ಲಿ ಆ ಬಯಲು ಇರಲಿಲ್ಲ. ಒಂದು ಲೋಟಕ್ಕೆ ಅಡ್ಡಿ ಇಲ್ಲವಂತೆ ಎಂದು ನಾನು ಎಷ್ಟು ಹೇಳಿದರೂ ಅತ್ತೆ, "ಯಾಕವ್ವ, ಬುಟ್ಬುಡು. ಅದೇನು ಅನ್ನವಾ?" ಎಂದುಬಿಟ್ಟರು. ಕೊತ್ತಂಬರಿ ಜೀರಿಗೆಯ ಕಷಾಯ ಬಂತು. ರಾಗಿ ಹುರಿಹಿಟ್ಟಿನ ಗಂಜಿ ಬಂತು. ಎದುರು ಮನೆಯ ಸರೋಜಕ್ಕ ತಮಿಳುನಾಡಿನ ಕಡೆಯ ನೆಂಟರಿಂದ ಕಲಿತ ಸುಕ್ಕುಕಾಫಿ ಮಾಡಿಕೊಟ್ಟರು. ಒಣಶುಂಠಿ, ಮೆಣಸು, ಬೆಲ್ಲದ ಆ ಕಷಾಯದಲ್ಲಿ ಕಾಫಿ ಇರುವುದು ಹೆಸರಿನಲ್ಲಿ ಮಾತ್ರ. ಕುಡಿದರೆ ಗಂಟಲು ಎಚ್ಚರವಾಗುತ್ತದೆ, ತಲೆ ಮಲಗಿಯೇ ಇರುತ್ತದೆ.

ಮೊದಲ ಕೆಲವು ದಿನ ನನಗೆ ವಿಪರೀತ ತಲೆನೋವು. ಕೊಳ್ಳೇಗಾಲದಿಂದ ಮಾಂಬಳ್ಳಿಗೆ ಹೋಗುವ ಬಸ್ಸಿನಲ್ಲಿ ಕಿಟಕಿಯ ಸರಳಿಗೆ ಹಣೆ ಒತ್ತಿಕೊಂಡು ಕೂರುತ್ತಿದ್ದೆ. ಸಮಾಸ ಪಾಠ ಮಾಡುತ್ತಾ ತತ್ಪುರುಷಕ್ಕೂ ಬಹುವ್ರೀಹಿಗೂ ಜಗಳ ಹಚ್ಚಿದೆ. ಸ್ಟಾಫ್ ರೂಮಿನಲ್ಲಿ ಫ್ಲಾಸ್ಕಿನ ಮುಚ್ಚಳ ತಿರುಗಿಸುವ ಸದ್ದು ಕೇಳಿದರೆ ಎದ್ದು ಹೊರಗೆ ಬೇವಿನ ಮರದಡಿ ನಿಲ್ಲುತ್ತಿದ್ದೆ. ಅಲ್ಲಿ ನಿಂತು ಏನೇನೋ ಯೋಚನೆ. ಕಾಫಿ ಈ ನಾಡಿಗೆ ಬಂದ ಕಥೆ ನಿಮಗೆ ಗೊತ್ತಲ್ಲ. ದೂರದೇಶದಿಂದ ಒಬ್ಬ ಫಕೀರರು ಏಳು ಬೀಜವನ್ನು ಸೊಂಟಕ್ಕೆ ಕಟ್ಟಿಕೊಂಡು ಕಾವಲುಗಾರರ ಕಣ್ಣು ತಪ್ಪಿಸಿ ತಂದು ಬೆಟ್ಟದಲ್ಲಿ ನೆಟ್ಟರಂತೆ. ಏಳೂ ಮೊಳೆತವಂತೆ. ಹೊಟ್ಟೆಗೆ ಕಟ್ಟಿಕೊಂಡು ಬಂದ ಬೀಜ ಒಂದು ನಾಡಿಗೇ ಫಲ ಕೊಟ್ಟಿತು, ನನ್ನೊಬ್ಬಳ ಹೊಟ್ಟೆಗೆ ಅಡ್ಡ ಬಂತೇ ಎಂದು ಬೇವಿನ ಮರವನ್ನು ಕೇಳುತ್ತಿದ್ದೆ. ತಲೆನೋವಿನಲ್ಲಿ ಮನುಷ್ಯರು ಹೀಗೆಲ್ಲ ತತ್ವ ಹೇಳುತ್ತಾರೆ, ಕ್ಷಮಿಸಿ.

ಒಂದು ಭಾನುವಾರ ಅತ್ತೆ ರಾಟೆಯ ಮುಂದೆ ಕೂತು ನೂಲು ಸುತ್ತುವುದನ್ನು ನಿಲ್ಲಿಸಿ, ಹಣೆಗೆ ಒದ್ದೆ ಬಟ್ಟೆ ಕಟ್ಟಿಕೊಂಡು ಗೋಡೆಗೆ ಒರಗಿದ್ದರು. ಜ್ವರವೇ ಅತ್ತೆ ಎಂದು ಹಣೆ ಮುಟ್ಟಿದೆ. ಇಲ್ಲ ಎಂದರು. ಆಗ ನನಗೆ ಹೊಳೆಯಿತು. ಫಿಲ್ಟರು ಅಟ್ಟಕ್ಕೆ ಹೋದ ದಿನದಿಂದ ಈ ಮನೆಯಲ್ಲಿ ಯಾರೂ ಕಾಫಿ ಕುಡಿದಿಲ್ಲ. ನಾನು ಹುಟ್ಟುವ ಮೊದಲಿನಿಂದ ಕುಡಿಯುತ್ತಿದ್ದವರು ನನಗಿಂತ ಹೆಚ್ಚು ನರಳುತ್ತಾ, ಒಂದು ಮಾತೂ ಆಡದೆ ಕೂತಿದ್ದರು.

"ನೀವ್ಯಾಕೆ ಬಿಟ್ಟಿರಿ ಅತ್ತೆ? ನಿಮಗ್ಯಾರು ಹೇಳಿದ್ರು?" ಎಂದೆ.

"ನಾನು ಕುಡುದ್ರ ನಿಂಗೆ ವಾಸ್ನ ಬರಾಕಿಲ್ವ?" ಎಂದು ಕಣ್ಣು ಮುಚ್ಚಿದರು.

ಇಷ್ಟೇ ಆಗಿದ್ದರೆ ನಾನು ಅತ್ತೆಯನ್ನು ದೇವರ ಪಕ್ಕ ಕೂರಿಸಿಬಿಡುತ್ತಿದ್ದೆ. ಆದರೆ ಅದೇ ವಾರ ಇನ್ನೊಂದು ತಿಳಿಯಿತು. ನಮ್ಮ ಕಾಫಿಯ ವಿಷಯ ಬೀದಿಗೆಲ್ಲ ಗೊತ್ತಾಗಿತ್ತು. ಹೂ ಮಾರುವವಳು ಮೊಳ ಹಾಕುತ್ತಾ, "ಬುಟ್ರಂತಲ್ಲ ಟೀಚರಮ್ಮ, ಒಳ್ಳೇದಾಯ್ತು ಬುಡಿ" ಎಂದಳು. ಸರೋಜಕ್ಕ ತಮ್ಮ ತವರಿನ ಕಡೆ ಹೀಗೇ ಟೀ ಕುಡಿದು ಕುಡಿದು ಕೆಟ್ಟವರ ಕಥೆ ಹೇಳಿದರು. ಯಾರು ಹೇಳಿದ್ದು ಎಂದು ವಿಚಾರಿಸಿದರೆ ಎಲ್ಲ ದಾರಿಯೂ ನಮ್ಮ ಅತ್ತೆಯ ಬಳಿಗೇ ಹೋಗಿ ನಿಲ್ಲುತ್ತಿತ್ತು. ವರ್ಷಕ್ಕೆ ನಾಲ್ಕು ಮಾತಾಡುವವರು ಅದರಲ್ಲಿ ಮೂರನ್ನು ಇದಕ್ಕೇ ಖರ್ಚು ಮಾಡಿದ್ದರು. ನನಗೆ ಬಹಳ ಬೇಸರವಾಯಿತು. ಕೇಳಲಿಲ್ಲ. ಕೇಳದೆ ಇರುವ ಬೇಸರ ಹಸಿ ಸೌದೆಯ ಹಾಗೆ, ಉರಿಯುವುದಿಲ್ಲ, ಹೊಗೆಯಾಡುತ್ತದೆ. ಎರಡು ದಿನ ಕಷಾಯವನ್ನು ಕುಡಿಯದೆ ಹಾಗೇ ಬಿಟ್ಟು ಬಸ್ಸಿಗೆ ಹೋದೆ.

ಪರೀಕ್ಷೆಗಳೆಲ್ಲ ಮುಗಿದ ಮೇಲೆ ಡಾಕ್ಟರಮ್ಮ ನಮ್ಮಿಬ್ಬರನ್ನೂ ಕರೆದರು. ನಿಮ್ಮದರಲ್ಲಿ ತೊಂದರೆ ಕಾಣುತ್ತಿಲ್ಲ ಎಂದು ನನಗೆ ಹೇಳಿದರು. ನಮ್ಮವರ ಕಡೆ ತಿರುಗಿ, ದನಿಯನ್ನು ಏರಿಸದೆ ಇಳಿಸದೆ, ನಿಮ್ಮ ಕಡೆಯಿಂದ ಕಡಿಮೆ ಇದೆ ಎಂದರು. ವೀರ್ಯಾಣು ಕಡಿಮೆ ಇದೆ, ಇರುವವುಗಳಿಗೂ ಚುರುಕು ಸಾಲದು. ಇದು ಅನೇಕರಿಗೆ ಇರುತ್ತದೆ, ನಾಚಿಕೆಪಡುವುದೇನಿಲ್ಲ, ಕೆಲವು ತಿಂಗಳು ಮಾತ್ರೆ ತೆಗೆದುಕೊಳ್ಳಿ, ಹೊಗೆಸೊಪ್ಪು ಪೂರ್ತಿ ಬಿಡಿ, ನಿದ್ದೆ ಮಾಡಿ, ಆಮೇಲೆ ನೋಡೋಣ ಎಂದರು.

"ಕಾಫಿ ಮೇಡಂ?" ಎಂದೆ. ಯಾಕೆ ಕೇಳಿದೆನೋ. ಏನಾದರೂ ಒಂದು ಮಾತು ಆ ಕೋಣೆಯಲ್ಲಿ ಬೇಕಾಗಿತ್ತು.

"ಒಂದು ಲೋಟ ಕುಡೀರಿ," ಎಂದರು ಡಾಕ್ಟರಮ್ಮ. "ಬಿಟ್ಟ ಮಾತ್ರಕ್ಕೆ ಮಗು ಆಗಲ್ಲ. ಕುಡಿದ ಮಾತ್ರಕ್ಕೆ ಆಗದೇನೂ ಇರಲ್ಲ."

ಮನೆಗೆ ನಡೆದೇ ಬಂದೆವು. ಸಾಧಾರಣವಾಗಿ ದಾರಿಯಲ್ಲಿ ಸಿಕ್ಕಿದವರನ್ನೆಲ್ಲ ಮಾತಾಡಿಸುವ ನಮ್ಮವರು ಅಂದು ಯಾರನ್ನೂ ನೋಡಲಿಲ್ಲ. ಬೀದಿಯ ತಿರುವಿನಲ್ಲಿ ನಿಂತು, "ಅವ್ವಂಗೆ ನಾನೇ ಯೇಳ್ತೀನಿ. ನೀನು ಯೇಳ್ಬೇಡ" ಎಂದರು. ಆಗಲಿ ಎಂದೆ. ಅಂದು ಹೇಳಲಿಲ್ಲ. ಮಾರನೆಯ ದಿನವೂ ಇಲ್ಲ. ಬೆಳಿಗ್ಗೆ ಮಾತ್ರೆ ನುಂಗುತ್ತಿದ್ದರು, ಅವ್ವ ಬಂದರೆ ಬೆನ್ನು ತಿರುಗಿಸಿ ನೀರು ಕುಡಿಯುತ್ತಿದ್ದರು. ಹೊಗೆಸೊಪ್ಪು ಬಿಟ್ಟು ಬಾಯಿಗೆ ಸೋಂಪು ಹಾಕಿಕೊಂಡರು. ನಾನು ಒತ್ತಾಯ ಮಾಡಲಿಲ್ಲ. ತನ್ನ ದೇಹದ ಸುದ್ದಿಯನ್ನು ತಾನೇ ತನ್ನ ಬಾಯಿಂದ ಹೇಳುವುದು ಎಷ್ಟು ಕಷ್ಟ ಎಂಬುದು, ಬೀದಿಯವರ ಬಾಯಲ್ಲಿ ನನ್ನದನ್ನು ಕೇಳಿದ ನನಗೆ ಗೊತ್ತಿತ್ತು.

ಆ ದಿನಗಳಲ್ಲೇ ಶಾಲೆಯ ಕಿರುಪರೀಕ್ಷೆಗೆ ನಾನು ಪ್ರಶ್ನೆಗಳನ್ನು ಬರೆಯುತ್ತಿದ್ದೆ. ಲಿಂಗ ಬದಲಿಸಿ ಬರೆಯಿರಿ ಎಂಬುದು ನಮ್ಮ ಹಳೆಯ ಪ್ರಶ್ನೆ. ಅರಸ, ಅರಸಿ. ವಿಧವೆ, ವಿಧುರ. ಹೀಗೇ ಬರೆಯುತ್ತಾ ಹೋಗಿ ಬಂಜೆ ಎಂಬ ಪದಕ್ಕೆ ಬಂದು ಪೆನ್ನು ನಿಂತಿತು. ಪ್ರಶ್ನೆಪತ್ರಿಕೆಗೆ ಹಾಕಲು ಅಲ್ಲ, ನನ್ನ ತಿಳಿವಳಿಕೆಗಾಗಿ ಯೋಚಿಸಿದೆ. ಇದಕ್ಕೆ ಗಂಡು ರೂಪ ಯಾವುದು? ನೆಲಕ್ಕೆ ಬಂಜರು ಎನ್ನುತ್ತೇವೆ, ಹಸುವಿಗೆ ಗೊಡ್ಡು ಎನ್ನುತ್ತೇವೆ, ಹೆಣ್ಣಿಗೆ ಬಂಜೆ. ಗಂಡಸನ್ನು ಬೈಯುವ ಮಾತು ಒಂದೆರಡಿವೆ, ಅವುಗಳ ಅರ್ಥ ಬೇರೆ. ಮಕ್ಕಳಾಗದ ಗಂಡಸು ಎಂಬುದಕ್ಕೆ ನಮ್ಮ ಹಿರಿಯರು ಒಂದು ಪದವನ್ನೂ ಮಾಡಿಡಲಿಲ್ಲ. ಅಂಥವನೊಬ್ಬ ಇರಬಹುದು ಎಂದು ಅವರಿಗೆ ಹೊಳೆದೇ ಇರಲಿಲ್ಲವೋ, ಹೊಳೆದರೂ ಹೇಳುವುದು ಬೇಡವೆಂದು ಬಿಟ್ಟರೋ. ಪದವೇ ಇಲ್ಲದ್ದನ್ನು ನಮ್ಮವರು ಅವ್ವನಿಗೆ ಹೇಳುವುದಾದರೂ ಹೇಗೆ ಎಂದು ಅವರ ಮೇಲೆ ಕನಿಕರವಾಯಿತು.

ಹೀಗಿರುವಾಗ ಸರೋಜಕ್ಕನ ಮಗಳಿಗೆ ಸೀಮಂತ ಬಂತು. ಬೀದಿಗೆ ಶಾಮಿಯಾನ ಹಾಕಿ ಊಟದ ಪಂಕ್ತಿ ಹೂಡಿದ್ದರು. ಬಡಿಸುವುದು ನೆರೆಮನೆಯ ಗಂಡಸರ ಕೆಲಸ. ನಮ್ಮವರು ಪಂಚೆ ಎತ್ತಿ ಕಟ್ಟಿ ಒಳಗಿಂದ ಹೊರಕ್ಕೆ ಬಕೆಟ್ಟು ಹೊರುತ್ತಿದ್ದರು. ನಡುಮನೆಯಲ್ಲಿ ಹೆಂಗಸರು ತುಂಬಿದ್ದೆವು. ನಮ್ಮ ಅತ್ತೆ ಬಸುರಿ ಹುಡುಗಿಯ ಹಿಂದೆ ಕೂತು ಅವಳ ಜಡೆಗೆ ಮಲ್ಲಿಗೆ ಮೊಗ್ಗು ಹೊಲಿಯುತ್ತಿದ್ದರು. ಎರಡನೆಯ ಪಂಕ್ತಿಗೆ ಕಾಯುವವರಿಗೆ ತಟ್ಟೆಯಲ್ಲಿ ಕಾಫಿ ಬಂತು. ಡಾಕ್ಟರಮ್ಮ ಒಂದು ಲೋಟ ಎಂದಿದ್ದಾರಲ್ಲ ಎಂದು ನಾನು ಕೈ ಚಾಚಿದೆ.

"ಅವಳ್ಗೆ ಬ್ಯಾಡ ಕಣಮ್ಮಿ," ಎಂದರು ಸರೋಜಕ್ಕ ತಟ್ಟೆ ಹಿಡಿದವಳಿಗೆ. "ಕಾಫಿ ಕುಡುದೇ ಅವಳ್ಗೆ ಬಸ್ರು ನಿಲ್ತಾ ಇಲ್ವಂತ. ಆಲು ಕೊಡು."

ಸರೋಜಕ್ಕ ಕೆಟ್ಟವರಲ್ಲ. ಹಾಲನ್ನು ಆರಿಸಿ, ಬಾದಾಮಿ ಪುಡಿ ಹಾಕಿಸಿ ಕೊಡುವಷ್ಟು ಒಳ್ಳೆಯವರು. ಅವರ ದನಿ ಮಾತ್ರ ದೊಡ್ಡದು. ನಡುಮನೆಯಲ್ಲಿದ್ದ ಅಷ್ಟೂ ಜನ ನನ್ನ ಹೊಟ್ಟೆಯ ಕಡೆ ನೋಡಿದರು. ನಾನು ಚಾಚಿದ ಕೈಯನ್ನು ಏನು ಮಾಡುವುದೆಂದು ತಿಳಿಯದೆ ಸೆರಗು ಸರಿಮಾಡಿಕೊಂಡೆ.

ಬಾಗಿಲ ಬಳಿ ಪಾಯಸದ ಬಕೆಟ್ಟು ಹಿಡಿದು ನಮ್ಮವರು ನಿಂತಿದ್ದರು.

"ಅಕ್ಕ," ಎಂದರು. "ಅವಳ್ಗೆ ಕೊಡಿ ಕಾಫಿಯ. ತೊಂದ್ರೆ ಅವಳ್ದಲ್ಲ, ನಂದು. ಡಾಕ್ಟ್ರು ಮಾತ್ರೆ ಕೊಟ್ಟಿರೋದು ನಂಗೇಯ."

ಮಲ್ಲಿಗೆ ಹೊಲಿಯುತ್ತಿದ್ದ ಸೂಜಿ ನಿಂತದ್ದನ್ನು ನಾನು ಕಂಡೆ. ಬಸುರಿ ಹುಡುಗಿ ಕೂಡ ಹಿಂದಕ್ಕೆ ತಿರುಗಿ ನೋಡಿದಳು. ನಮ್ಮವರ ಕಿವಿ ಕೆಂಪಗಾಗಿತ್ತು. ಇನ್ನೂ ಏನೋ ಹೇಳಬೇಕೆಂದು ಬಾಯಿ ತೆರೆದರು, ಬಂದದ್ದು ಬೇರೆ.

"ಪಾಯ್ಸ ಯಾರ್ಗೆ ಬೇಕು?" ಎಂದು ಕೇಳಿ, ಉತ್ತರಕ್ಕೂ ಕಾಯದೆ ಬಕೆಟ್ಟು ಹೊತ್ತು ಹೊರಕ್ಕೆ ನಡೆದುಬಿಟ್ಟರು.

ತಟ್ಟೆ ಹಿಡಿದವಳು ನನ್ನ ಕೈಗೆ ಲೋಟ ಕೊಟ್ಟಳು. ಅದು ಆರಿತ್ತು, ಸಕ್ಕರೆ ಹೆಚ್ಚಾಗಿತ್ತು. ತಳದವರೆಗೂ ಕುಡಿದೆ.

ಮನೆಗೆ ಬಂದ ಮೇಲೆ ಅತ್ತೆ ಮಗನೊಂದಿಗೆ ಮಾತಾಡಲಿಲ್ಲ. ನಮ್ಮವರೂ ಮಗ್ಗ ಬಿಟ್ಟು ಏಳಲಿಲ್ಲ. ಆ ದಿನವೆಲ್ಲ ಮನೆಯಲ್ಲಿ ಲಾಳಿಯ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಅವ್ವನಿಗೆ ಮೊದಲು ಹೇಳದೆ ಬೀದಿಗೆ ಹೇಳಿದ್ದು ತಪ್ಪಾಯಿತೇನೋ ಎಂದು ಅವರು, ಮಗನ ಮಾನ ಹೋಯಿತು ಎಂದು ಅತ್ತೆ ಕೊರಗುತ್ತಿದ್ದಾರೆ ಎಂದು ನಾನು, ಇಬ್ಬರೂ ನಮಗೆ ತೋಚಿದ್ದನ್ನು ನಂಬಿಕೊಂಡು ಕೂತೆವು. ಮಾರನೆಯ ಬೆಳಿಗ್ಗೆ ತಿಂಡಿಗೆ ಕೂತಾಗ ಅತ್ತೆ ಮಗನ ತಟ್ಟೆಗೆ ರೊಟ್ಟಿ ಹಾಕಿ, ಅಲ್ಲೇ ಮುಂದೆ ಕುಕ್ಕರಗಾಲಲ್ಲಿ ಕೂತರು.

"ನೋವಾಯ್ತದೇನ್ಲಾ?" ಎಂದರು.

"ಏನವ್ವ?"

"ಅದೇ. ನಿಂಗಾಗಿರಾದು. ನೋವಾಯ್ತದ?"

ನಮ್ಮವರು ತಟ್ಟೆ ನೋಡುತ್ತಲೇ, "ಇಲ್ಲ ಕಣವ್ವ. ನೋವೇನಿಲ್ಲ" ಎಂದರು.

"ನೋವಿಲ್ದಿದ್ರ ಸರಿ ಬುಡು," ಎಂದು ಅತ್ತೆ ಎದ್ದು, ಇನ್ನೊಂದು ರೊಟ್ಟಿಗೆ ಹಿಟ್ಟು ತಟ್ಟತೊಡಗಿದರು. ರಾತ್ರಿಯೆಲ್ಲ ಅವರು ಮಾನದ ಬಗ್ಗೆ ಯೋಚಿಸಿರಲಿಲ್ಲ. ಮಗನಿಗೆ ಎಲ್ಲಿ ನೋಯುತ್ತಿದೆಯೋ ಎಂದು ಯೋಚಿಸಿದ್ದರು.

ಬೀದಿಗೆ ಯಾಕೆ ಹೇಳಿದಿರಿ ಎಂದು ಅತ್ತೆಯನ್ನು ನಾನು ಕೇಳಿದ್ದು ಆಮೇಲೆ ಒಂದು ಮಧ್ಯಾಹ್ನ, ಇಬ್ಬರೂ ಅವರೆಕಾಯಿ ಸುಲಿಯುತ್ತಾ ಕೂತಿದ್ದಾಗ. ಮುಖ ನೋಡಿ ಕೇಳಲಾಗದ್ದನ್ನು ಅವರೆಕಾಯಿ ನೋಡಿ ಕೇಳಬಹುದು. ಅತ್ತೆ ಕೈಲಿದ್ದ ಕಾಯಿ ಸುಲಿದು ಮುಗಿಸಿದರು. ಆಮೇಲೆ ನಾನು ಆ ಮನೆಗೆ ಬಂದಂದಿನಿಂದ ಕೇಳದಷ್ಟು ಮಾತನ್ನು ಒಟ್ಟಿಗೆ ಆಡಿದರು.

"ನಂಗೆ ಮದ್ವೆಯಾಗಿ ಬೋ ವರ್ಸ ಮಕ್ಳಾಗ್ನಿಲ್ಲ. ನಮ್ಮತ್ತೆ ನನ್ನ ಕಾಲ್ಗುಣ ಅಂದ್ಳು. ಇನ್ನೊಬ್ಳು ಅಣೇಬರ ಅಂದ್ಳು. ಕಾಲ್ಗುಣನ ಯಾವ ಮಾತ್ರೇಲಿ ಬುಡ್ಸಾದು ಯೇಳು? ನೀನು ಬಂದು ಡಾಕ್ಟ್ರು ಕಾಫಿ ಬುಡು ಅಂದ್ರು ಅಂದಾಗ ನಂಗೆ ಎದೆ ಅಗುರಾಯ್ತು. ಕಾಫಿಗೇನು, ಮಾನ ಇಲ್ಲ ಮರ್ವಾದಿ ಇಲ್ಲ, ಎಷ್ಟ್ ಬೈದ್ರೂ ಬೈಸ್ಕತದ. ನಾನೇ ಕುಡ್ಸಿ ಕುಡ್ಸಿ ಕೆಡಿಸ್ದೆ ಅಂತ ಬೀದೀಲೆಲ್ಲ ಯೇಳ್ಕ ಬಂದೆ. ನಿನ್ನ ಮ್ಯಾಲೆ ಯಾರೂ ಬೊಟ್ಟು ಮಾಡ್ದೆ ಇರ್ಲಿ ಅಂತ. ಅವು ನನ್ನೆಸ್ರ ಬುಟ್ಟು ಕಾಫಿ ಎಸ್ರ ಮಾತ್ರ ಇಟ್ಕಂಡ್ವು. ಅದು ಸುತ್ಕಂಡು ಬಂದು ನಿನ್ನ ಮ್ಯಾಲೇ ಕೂತ್ಕತು."

ಅವರ ಮುಂದಿದ್ದ ಸಿಪ್ಪೆಯನ್ನೆಲ್ಲ ನನ್ನ ಕಡೆಗೆ ಎಳೆದುಕೊಂಡೆ. ಎರಡು ದಿನ ಕುಡಿಯದೆ ಬಿಟ್ಟ ಕಷಾಯದ ನೆನಪಾಗಿ ಮುಖ ಬಿಸಿಯಾಯಿತು. ಡಾಕ್ಟರಮ್ಮ ಒಂದು ಲೋಟಕ್ಕೆ ಅಡ್ಡಿ ಇಲ್ಲ ಎಂದಿದ್ದಾರೆ, ನಿಮಗಂತೂ ಯಾರೂ ಏನೂ ಹೇಳಿಯೇ ಇಲ್ಲ ಎಂದು ನೆನಪಿಸಿದೆ. ಅತ್ತೆ ಅವರೆಕಾಳಿನ ಮೊರವನ್ನು ಕೆಳಗಿಟ್ಟು, "ಇನ್ನೊಂದ್ಸಲ ಅಟ್ಟಕ್ಕೆ ನಂಗೆ ಅತ್ತಕಾಗಾಕಿಲ್ಲ, ನೀನೇ ತಗಿ" ಎಂದರು.

ಇಷ್ಟು ಓದಿದ ಮೇಲೆ ನೀವೂ ಸರೋಜಕ್ಕನ ಹಾಗೆ ಒಂದು ಪ್ರಶ್ನೆಯನ್ನು ಬಾಯಲ್ಲಿ ಇಟ್ಟುಕೊಂಡಿರುತ್ತೀರಿ. ಕೇಳಲು ಸಂಕೋಚಪಡಬೇಡಿ, ನಾನೇ ಹೇಳುತ್ತೇನೆ. ಇಲ್ಲ, ಇನ್ನೂ ಆಗಿಲ್ಲ. ನಮ್ಮವರ ಮಾತ್ರೆಯ ಒಂದು ಸುತ್ತು ಮುಗಿದು, ಹೋದ ಸಲದ ಪರೀಕ್ಷೆಯಲ್ಲಿ ಸ್ವಲ್ಪ ಏರಿದೆ ಎಂದು ಡಾಕ್ಟರಮ್ಮ ಹೇಳಿದರು. ಸಾಲದು, ಮೈಸೂರಿನಲ್ಲಿ ಒಬ್ಬರಿಗೆ ತೋರಿಸಿ ಎಂದು ಚೀಟಿ ಕೊಟ್ಟಿದ್ದಾರೆ. ಬೆಳಿಗ್ಗೆ ನನಗೆ ಒಂದು ಲೋಟ ಕಾಫಿ, ಅವರಿಗೆ ಒಂದು ಗ್ಲಾಸು ಟೀ. ಅತ್ತೆ ಮಾತ್ರ ನಮ್ಮಿಬ್ಬರ ಪಾಲನ್ನೂ ಸೇರಿಸಿ ಕುಡಿಯುತ್ತಿದ್ದಾರೆ. ತಿಂಗಳ ತಾರೀಖು ಬಂದಾಗ ಒಂದು ದಿನ ನನ್ನ ಮನಸ್ಸು ಈಗಲೂ ಕುಗ್ಗುತ್ತದೆ, ಸುಳ್ಳು ಹೇಳುವುದಿಲ್ಲ. ಆ ದಿನ ನಮ್ಮವರು ನನ್ನ ಜೊತೆ ಬಸ್‌ಸ್ಟ್ಯಾಂಡಿನವರೆಗೆ ನಡೆದು ಬರುತ್ತಾರೆ. ಮೊದಲು ಆ ದಿನವನ್ನು ನಾನೊಬ್ಬಳೇ ಕಳೆಯುತ್ತಿದ್ದೆ.

ಮೊನ್ನೆ ಮೈಸೂರಿಗೆ ಹೊರಟ ದಿನ ಅತ್ತೆ ಒಳ್ಳೆಯ ಸೀರೆ ಉಟ್ಟು, ಚೀಲ ಹಿಡಿದು, ನಮಗಿಂತ ಮೊದಲೇ ಬಾಗಿಲಲ್ಲಿ ನಿಂತಿದ್ದರು.

"ನಾನೂ ಬತ್ತೀನಿ," ಎಂದರು. "ಇನ್ನೇನೇನ್ ಬುಡ್ಬೇಕೋ ನಂಗೂ ಗೊತ್ತಾಗ್ಲಿ."

ಕೊಳ್ಳೇಗಾಲದ ಬಸ್‌ಸ್ಟ್ಯಾಂಡಿನಲ್ಲಿ ಸರೋಜಕ್ಕ ಸಿಕ್ಕರು. ಮೊಮ್ಮಗುವಿಗೆ ಸ್ವೆಟರು ಕೊಂಡು ಬರುತ್ತಿದ್ದರು. ನಮ್ಮ ಮೂವರನ್ನೂ ಮೇಲಿಂದ ಕೆಳಕ್ಕೆ ನೋಡಿ, ಈ ಸಲ ದನಿ ತಗ್ಗಿಸಿ, "ಏನಾದ್ರೂ ಇಸೇಸವಾ ಚೌಡಕ್ಕ?" ಎಂದು ಕೇಳಿದರು. ನಮ್ಮವರು ಬಸ್ಸಿನ ಬೋರ್ಡು ಓದತೊಡಗಿದರು. ನಾನು ಚಪ್ಪಲಿಯ ಪಟ್ಟಿ ಸರಿಮಾಡಲು ಬಗ್ಗಿದೆ.

"ಆದ್ರೆ ಮೊದ್ಲು ನಿಂಗೇ ಯೇಳ್ತೀನಿ ಕಣ್ ಸರೋಜ," ಎಂದರು ಅತ್ತೆ. "ಆಗ್ದೆ ಇದ್ರೂ ಇವರಿಬ್ರೂ ನಮ್ಮನೇಲೇ ಇರ್ತಾರಲ್ಲ. ಅವಾಗ್ಲೂ ಬಾ."

ಅಷ್ಟರಲ್ಲಿ ಮೈಸೂರಿನ ಬಸ್ಸು ಬಂತು. ನಾವಿಬ್ಬರೂ ಸರೋಜಕ್ಕನಿಗೆ ಹೋಗಿ ಬರುತ್ತೇವೆ ಎಂದು ಹೇಳುವುದರೊಳಗೆ ಅತ್ತೆ ಹತ್ತಿ, ಮೂರು ಜನರ ಸೀಟು ಹುಡುಕಿ, ಅದರಲ್ಲಿ ಕಿಟಕಿಯ ಪಕ್ಕದ್ದನ್ನು ತಾವು ಹಿಡಿದು ಕೂತಿದ್ದರು.